ವಿಪ್ಪರ್‌ನ ಗ್ಯಾಸು ಕ್ರೀಮಿನೊಳಗೆ ಇಳಿಯಬೇಕು: ಕಾಫಿ ಮೇಲಿನ ನೊರೆಗೆ ಒಂದು ಕೈಪಿಡಿ

ಕ್ರೀಮ್ ವಿಪ್ಪರ್ ಅಂದರೆ ಸ್ಟೀಲ್ ಬಾಟಲಿ, ಮೇಲೊಂದು ತಿರುಪಿನ ತಲೆ, ಹಿಡಿಕೆ, ಪಕ್ಕದಲ್ಲಿ ಬೆರಳಿನಷ್ಟು ಉದ್ದದ ಗ್ಯಾಸ್ ಗುಂಡು. ಕೊಡಗಿನ ಹೋಂಸ್ಟೇಗಳಲ್ಲಿ ಈಗೀಗ ಇದು ಕಾಣಿಸುತ್ತಿದೆ. ಅತಿಥಿಗಳಿಗೆ ಕೋಲ್ಡ್ ಕಾಫಿ ಮೇಲೆ ಬೆಳ್ಳಗೆ ನೊರೆ ಕೂತಿರಬೇಕು, ಫೋಟೋ ಚೆನ್ನಾಗಿ ಬರಬೇಕು. ಆದರೆ ತಂದವರಲ್ಲಿ ಎಷ್ಟೋ ಜನ ಸ್ವಲ್ಪ ದಿನಕ್ಕೇ ಅದನ್ನು ಅಟ್ಟಕ್ಕೆ ಹಾಕುತ್ತಾರೆ. ನೊರೆ ಬರುವುದಿಲ್ಲ, ಬಂದರೆ ಪಿಚಕಾರಿ ಹೊಡೆದ ಹಾಗೆ ಚಿಮ್ಮುತ್ತದೆ, ಗುಂಡಿನ ದುಡ್ಡು ದಂಡ.

ನಾನು ಮಡಿಕೇರಿಯಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವಳು. ತಂಗಿ ಸುಂಟಿಕೊಪ್ಪದ ಹತ್ತಿರ ಹೋಂಸ್ಟೇ ನಡೆಸುತ್ತಾಳೆ. "ಅಕ್ಕಾ, ಗುಂಡು ಹಾಕಿದ್ದೀನಿ, ಸುಸ್ಸ್ ಅಂತ ಸದ್ದೂ ಬಂತು, ಆದ್ರೆ ಕ್ರೀಮು ನೀರು ನೀರಾಗಿ ಬರ್ತಿದೆ" ಅಂತ ಅವಳು ಫೋನ್ ಮಾಡಿದಾಗಲೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ. ಗ್ಯಾಸು ಒಳಗೆ ಇಳಿದಿದೆಯಾ, ಇಲ್ಲಾ ಮೇಲೆ ಕೂತಿದೆಯಾ? ವಿಪ್ಪರ್‌ನ ಎಲ್ಲಾ ಗುಟ್ಟೂ ಅಷ್ಟೇ. ಗುಂಡಿನಿಂದ ಬಂದ ಗ್ಯಾಸು ಕ್ರೀಮಿನ ಮೇಲಿರುವ ಖಾಲಿ ಜಾಗದಲ್ಲಿ ಒತ್ತಿಕೊಂಡು ಕೂತರೆ ಅದು ಸುಮ್ನೆ ದ್ರವವನ್ನು ಹೊರಗೆ ತಳ್ಳುತ್ತದೆ. ಕ್ರೀಮಿನೊಳಗೆ ಕರಗಿದ್ದರೆ ಮಾತ್ರ, ಹೊರಗೆ ಬಂದ ಕ್ಷಣ ಒಳಗಿಂದಲೇ ಗುಳ್ಳೆಯೆದ್ದು ಉಬ್ಬುತ್ತದೆ.

ಈ ಗ್ಯಾಸು ನೈಟ್ರಸ್ ಆಕ್ಸೈಡ್. ನಗೆ ಅನಿಲ ಅಂತ ಪುಸ್ತಕದಲ್ಲಿ ಓದಿದ್ದೀರಲ್ಲ, ಅದೇ. ಇದು ನೀರಿನಲ್ಲಿ ಎಷ್ಟು ಕರಗುತ್ತದೆ ಅಂತ ಮೊದಲು ನೋಡೋಣ, ಮಿಕ್ಕಿದ್ದೆಲ್ಲ ಅದರಿಂದಲೇ ಹೊರಡುತ್ತದೆ. ನಮ್ಮ ಸುತ್ತಲಿನ ಸಾಮಾನ್ಯ ಒತ್ತಡದಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ಲೀಟರ್ ನೀರು ಹೆಚ್ಚುಕಡಿಮೆ 650 ಮಿಲಿ ನೈಟ್ರಸ್ ಆಕ್ಸೈಡ್ ಹಿಡಿದುಕೊಳ್ಳುತ್ತದೆ. ಅದೇ ನೀರು ಗಾಳಿಯಲ್ಲಿರುವ ಸಾದಾ ನೈಟ್ರೋಜನ್ನನ್ನು ಬರೀ 16 ಮಿಲಿಯಷ್ಟು ಹಿಡಿಯುತ್ತದೆ. ಸುಮಾರು 40 ಪಟ್ಟು ವ್ಯತ್ಯಾಸ. ಸೋಡಾದ ಕಾರ್ಬನ್ ಡೈಆಕ್ಸೈಡ್ ಇನ್ನೂ ಸ್ವಲ್ಪ ಜಾಸ್ತಿ, 880 ಮಿಲಿ ಹತ್ತಿರ. ಗಾಳಿ ತುಂಬಿದ ವಿಪ್ಪರ್ ಯಾಕಿಲ್ಲ ಅಂತ ತಂಗಿ ಕೇಳಿದ್ದಳು. ಉತ್ತರ ಈ ಅಂಕಿಗಳಲ್ಲೇ ಇದೆ. ಗಾಳಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ.

ಸಾರಜನಕದ ಆಕ್ಸೈಡ್‌ಗಳೆಲ್ಲ ಒಂದೇ ಥರ ಅಂದುಕೊಳ್ಳಬೇಡಿ. ನೈಟ್ರಿಕ್ ಆಕ್ಸೈಡ್ ಅಂತ ಇನ್ನೊಂದಿದೆ, ಹೆಸರು ಮಾತ್ರ ಹತ್ತಿರ. ಅದು ನೀರಿನಲ್ಲಿ ಕರಗುವುದು ಲೀಟರಿಗೆ 50 ಮಿಲಿಗೂ ಕಡಿಮೆ. ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಅಂತೂ ನೀರಿಗೆ ಬಿದ್ದ ಕೂಡಲೇ ನೀರಿನ ಜೊತೆಗೇ ಸೇರಿ ನೈಟ್ರಿಕ್ ಮತ್ತು ನೈಟ್ರಸ್ ಆಮ್ಲ ಆಗಿಬಿಡುತ್ತದೆ. ಅದನ್ನು ಕರಗುವುದು ಅನ್ನುವ ಹಾಗೇ ಇಲ್ಲ. ಮಾರ್ಚ್, ಏಪ್ರಿಲ್‌ನ ಹೂಮಳೆಯಲ್ಲಿ ಗುಡುಗು, ಸಿಡಿಲು ಬರುತ್ತದಲ್ಲ, ಆ ಮಿಂಚಿನ ಬಿಸಿಗೆ ಗಾಳಿಯ ನೈಟ್ರೋಜನ್ನೂ ಆಕ್ಸಿಜನ್ನೂ ಕೂಡಿ ಇವೆರಡೂ ಹುಟ್ಟುತ್ತವೆ. ಆಮೇಲೆ ಮಳೆಹನಿಯಲ್ಲಿ ನೈಟ್ರೇಟ್ ಆಗಿ ತೋಟಕ್ಕೆ ಇಳಿಯುತ್ತವೆ. ಕಾಫಿ ಗಿಡಕ್ಕೆ ಅದು ಪುಕ್ಕಟೆ ಗೊಬ್ಬರ, ಸ್ವಲ್ಪವೇ ಆದರೂ. ಅಡುಗೆಮನೆಗೆ ಮಾತ್ರ ಅವೆರಡೂ ಬೇಡವೇ ಬೇಡ, ವಿಷ. ನಮ್ಮ ಗುಂಡಿನಲ್ಲಿರುವ ನೈಟ್ರಸ್ ಆಕ್ಸೈಡ್ ಬಣ್ಣವಿಲ್ಲದ, ಸ್ವಲ್ಪ ಸಿಹಿ ರುಚಿಯ ಗ್ಯಾಸು. ನೀರಿನಲ್ಲಿ ಕರಗುತ್ತದೆ, ನೀರಿನ ಜೊತೆ ಬೆರೆತು ಬೇರೇನೂ ಆಗುವುದಿಲ್ಲ. ಹೋದ ಹಾಗೆಯೇ ವಾಪಸ್ ಬರುತ್ತದೆ.

ಈಗ ಕೆಲಸಕ್ಕೆ ಬರೋಣ.

ಗುಂಡು ಕೊಳ್ಳುವಾಗ ಡಬ್ಬದ ಮೇಲೆ ಎರಡು ಸಲ ಕಣ್ಣಾಡಿಸಿ. ಆಹಾರಕ್ಕೆ ಅಂತ ಬರೆದಿರಬೇಕು, ಇ942 ಅಥವಾ ಐಎನ್‌ಎಸ್ 942 ಅಂತ ಸಂಖ್ಯೆ ಇರಬೇಕು. ಸೋಡಾ ಮಾಡುವ ಕಾರ್ಬನ್ ಡೈಆಕ್ಸೈಡ್ ಗುಂಡೂ ಇದೇ ಅಳತೆ, ಇದೇ ಆಕಾರ, ಅದರಲ್ಲೂ 8 ಗ್ರಾಂ. ಒಂದು ಸಲ ತಂಗಿಗೆ ಅಂಗಡಿಯವರು ಅದನ್ನೇ ಕಳಿಸಿಬಿಟ್ಟಿದ್ದರು. ಕ್ರೀಮು ಚೆನ್ನಾಗಿಯೇ ಉಬ್ಬಿತು. ಬೆಂಗಳೂರಿನಿಂದ ಬಂದಿದ್ದ ಅತಿಥಿ ಒಂದು ಚಮಚ ತಿಂದು, "ಆಂಟಿ, ಇದು ಹಳಸಿದೆ ಅನ್ಸುತ್ತೆ" ಅಂದರಂತೆ. ಹಳಸಿರಲಿಲ್ಲ. ಕಾರ್ಬನ್ ಡೈಆಕ್ಸೈಡ್ ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲ ಆಗುತ್ತದೆ, ಹಾಗಾಗಿ ಹುಳಿ. ಸೋಡಾಕ್ಕೆ ಆ ಹುಳಿ ಚೆಂದ, ಕ್ರೀಮಿಗೆ ಅಲ್ಲ.

ನನಗೆ ಪಾಠದಲ್ಲಿ ತುಂಬ ಇಷ್ಟವಾದ ಜೋಡಿ ಇದು. ಎರಡೂ ಅಣುಗಳ ತೂಕ 44. ಎರಡರಲ್ಲೂ 22 ಎಲೆಕ್ಟ್ರಾನ್. ಎರಡರಲ್ಲೂ ಮೂರು ಪರಮಾಣು ನೆಟ್ಟಗೆ ಒಂದೇ ಸಾಲಿನಲ್ಲಿ. ನೀರಿನಲ್ಲಿ ಕರಗುವ ಪ್ರಮಾಣವೂ ಹತ್ತಿರ ಹತ್ತಿರ. ಆದರೆ ಒಂದು ಹುಳಿ ಮಾಡುತ್ತದೆ, ಇನ್ನೊಂದು ಮಾಡುವುದಿಲ್ಲ. ಜೋಸೆಫ್ ಪ್ರೀಸ್ಟ್ಲಿ ಅನ್ನುವ ಇಂಗ್ಲಿಷಿನವರು 1767ರಲ್ಲಿ ನೀರಿಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಸೋಡಾ ಮಾಡಿದರು. ಅವರೇ 1772ರಲ್ಲಿ ನೈಟ್ರಸ್ ಆಕ್ಸೈಡ್ಅನ್ನೂ ಕಂಡುಹಿಡಿದರು. ಇವತ್ತಿನ ಕೆಫೆಯ ಎರಡೂ ಗುಂಡು ಒಬ್ಬರದೇ ಲೆಕ್ಕಕ್ಕೆ ಹೋಗುತ್ತವೆ ಅಂತ ಮಕ್ಕಳಿಗೆ ಹೇಳುತ್ತೇನೆ.

ಕ್ರೀಮಿನಲ್ಲಿ ಕೊಬ್ಬು ಶೇಕಡಾ 30ಕ್ಕಿಂತ ಮೇಲಿರಲಿ. ಅಂಗಡಿಯಲ್ಲಿ ಸಿಗುವ ಸಾದಾ ಫ್ರೆಶ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇಕಡಾ 25 ಇರುತ್ತದೆ. ಅದರಲ್ಲೂ ನೊರೆ ಬರುತ್ತದೆ, ಆದರೆ ಸಡಿಲ, ಬೇಗ ಕುಸಿಯುತ್ತದೆ. ಕೊಬ್ಬು ಇಲ್ಲಿ ಎರಡು ಕೆಲಸ ಮಾಡುತ್ತದೆ. ನೈಟ್ರಸ್ ಆಕ್ಸೈಡ್ ನೀರಿಗಿಂತ ಎಣ್ಣೆಯಲ್ಲಿ ಹೆಚ್ಚು ಕರಗುತ್ತದೆ, ನಮ್ಮ ಮೈಯ ಬಿಸಿಯಲ್ಲಿ ಅಳೆದರೆ ಸುಮಾರು ಮೂರು ಪಟ್ಟು. ಇದು ಒಂದು. ಇನ್ನೊಂದು, ತಣ್ಣಗಿರುವ ಕೊಬ್ಬಿನ ಕಣಗಳು ಗುಳ್ಳೆಯ ಸುತ್ತ ಅಂಟಿಕೊಂಡು ಗೋಡೆ ಕಟ್ಟುತ್ತವೆ. ಹಾಲು ಕಾಯಿಸಿ ತೆಗೆದ ಮನೆಯ ಕೆನೆ ಹಾಕಲು ಹೋಗಬೇಡಿ. ರುಚಿ ಇರಬಹುದು, ಆದರೆ ಅದರ ಚೂರುಗಳು ನಳಿಕೆಗೆ ಸಿಕ್ಕಿಕೊಳ್ಳುತ್ತವೆ. ಸಕ್ಕರೆ ಪುಡಿ ಮಾಡಿ ಜರಡಿ ಹಿಡಿದು ಹಾಕಿ. ಬೆಲ್ಲವಾದರೆ ನೀರಿನಲ್ಲಿ ಕರಗಿಸಿ, ಸೋಸಿ, ಪೂರ್ತಿ ತಣ್ಣಗಾದ ಮೇಲೆ. ಜೇನು ಹಾಗೇ ಸುರಿಯಬಹುದು, ಕಲಸುವುದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಎಲ್ಲಕ್ಕಿಂತ ಮುಖ್ಯ ತಂಪು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕೆಡುವುದು ಇಲ್ಲೇ.

ಗ್ಯಾಸುಗಳು ತಣ್ಣೀರಿನಲ್ಲಿ ಜಾಸ್ತಿ ಕರಗುತ್ತವೆ. 0 ಡಿಗ್ರಿ ಹತ್ತಿರ ಒಂದು ಲೀಟರ್ ನೀರಿಗೆ ಸುಮಾರು 1.3 ಲೀಟರ್ ನೈಟ್ರಸ್ ಆಕ್ಸೈಡ್. 20 ಡಿಗ್ರಿಗೆ ಬಂದರೆ ಅದರ ಅರ್ಧ. 40 ಡಿಗ್ರಿಯಲ್ಲಿ 0.4 ಲೀಟರಿನ ಆಸುಪಾಸು. ಈಗ ಅರ್ಧ ಲೀಟರ್ ವಿಪ್ಪರ್ ತಗೊಳ್ಳಿ. ಗೆರೆಯವರೆಗೆ ಅರ್ಧ ಲೀಟರ್ ನೀರು ತುಂಬಿದರೆ ಅದರ ಮೇಲೆ ಇನ್ನೂ ಕಾಲು ಲೀಟರಿನಷ್ಟು ಖಾಲಿ ಜಾಗ ಉಳಿಯುತ್ತದೆ ಅಂತ ಇಟ್ಟುಕೊಳ್ಳೋಣ. 8 ಗ್ರಾಂ ಗುಂಡು ಬಿಚ್ಚಿದರೆ ಹೊರಗಿನ ಒತ್ತಡದಲ್ಲಿ ನಾಲ್ಕೂವರೆ ಲೀಟರಿನಷ್ಟು ಗ್ಯಾಸು. ಕಾಗದದ ಮೇಲೆ ಲೆಕ್ಕ ಹಾಕಿದರೆ, ನೀರು 5 ಡಿಗ್ರಿ ಇದ್ದಾಗ ಗ್ಯಾಸಿನ ಮೂರರಲ್ಲಿ ಎರಡು ಪಾಲು ನೀರಿಗೆ ಇಳಿಯುತ್ತದೆ, ಒಳಗಿನ ಒತ್ತಡ ವಾತಾವರಣದ 5 ಪಟ್ಟಿನ ಹತ್ತಿರ ನಿಲ್ಲುತ್ತದೆ. ಅದೇ 30 ಡಿಗ್ರಿ ಆದರೆ ಅರ್ಧ ಮಾತ್ರ ಇಳಿಯುತ್ತದೆ, ಒತ್ತಡ 8 ಪಟ್ಟು ದಾಟುತ್ತದೆ. ನೋಡಿ, ಬೆಚ್ಚಗಿದ್ದರೆ ತಳ್ಳುವ ಬಲ ಜಾಸ್ತಿ, ಉಬ್ಬಿಸುವ ಗ್ಯಾಸು ಕಡಿಮೆ. ಪಿಚಕಾರಿ ಆಗುವುದು ಇದಕ್ಕೇ. ಒತ್ತಡ ಹೆಚ್ಚಿದಷ್ಟೂ ಗ್ಯಾಸು ಹೆಚ್ಚು ಕರಗುತ್ತದೆ ಅಂತ ಇಂಗ್ಲೆಂಡಿನ ರಸಾಯನ ವಿಜ್ಞಾನಿ ವಿಲಿಯಂ ಹೆನ್ರಿ 1803ರಲ್ಲೇ ತೋರಿಸಿದ್ದಾರೆ, ಅದೂ ನಿಜ. ಆದರೆ ಒತ್ತಡ ನಮ್ಮ ಕೈಯಲ್ಲಿಲ್ಲ, ಗುಂಡಿನಲ್ಲಿ ಇರುವಷ್ಟೇ. ನಮ್ಮ ಕೈಯಲ್ಲಿ ಇರುವುದು ಫ್ರಿಜ್.

ಹಾಗಾಗಿ ಕ್ರೀಮು ಮಾತ್ರ ಅಲ್ಲ, ಖಾಲಿ ಬಾಟಲಿಯನ್ನೂ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಡಿ. ಸ್ಟೀಲ್ ಬಾಟಲಿ ದಪ್ಪ, ಹೊರಗಿಟ್ಟಿದ್ದರೆ ತಣ್ಣನೆಯ ಕ್ರೀಮನ್ನೂ ಅದೇ ಬೆಚ್ಚಗೆ ಮಾಡಿಬಿಡುತ್ತದೆ. ಮಡಿಕೇರಿ ಚಳಿಯಲ್ಲಿ ಫ್ರಿಜ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಜನವರಿ ಬೆಳಗ್ಗೆ ನಮಗೆ ನಡುಕ ಬರುವಷ್ಟು ಚಳಿಯಿದ್ದರೂ ಅದು ಕ್ರೀಮಿಗೆ ಸಾಲದು, 4–5 ಡಿಗ್ರಿ ಬೇಕು. ಇನ್ನು ಜುಲೈ ಮಳೆಯಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋಗುತ್ತದಲ್ಲ, ಆಗ ವಿಪ್ಪರ್ ಮುಟ್ಟಲೇಬೇಡಿ. ಅತಿಥಿಗಳಿಗೆ ಬಿಸಿ ಬಿಸಿ ಬೆಲ್ಲದ ಕಾಫಿ ಕೊಡಿ, ಅವರು ಮಳೆ ನೋಡಲು ತಾನೇ ಬಂದಿರುವುದು.

ಮಾಡುವ ಕ್ರಮ ಹೀಗೆ. ತಲೆಯೊಳಗಿನ ರಬ್ಬರ್ ವಾಷರ್ ಕೂತಿದೆಯಾ, ಸೀಳಿದೆಯಾ ನೋಡಿ. ಕ್ರೀಮನ್ನು ಸೋಸಿ ಬಾಟಲಿಗೆ ಹಾಕಿ, ಗೆರೆ ದಾಟಬೇಡಿ. ತಲೆಯನ್ನು ನೆಟ್ಟಗೆ ತಿರುಗಿಸಿ ಬಿಗಿ ಮಾಡಿ, ಓರೆಯಾಗಿ ಹತ್ತಿದರೆ ಬಿಚ್ಚಿ ಮತ್ತೆ ಹಾಕಿ. ಗುಂಡನ್ನು ಹೋಲ್ಡರ್‌ನಲ್ಲಿಟ್ಟು ತಿರುಗಿಸಿ. ಒಳಗಿನ ಸೂಜಿ ಗುಂಡಿನ ಬಾಯನ್ನು ಚುಚ್ಚಿದ ಕೂಡಲೇ ಸುಸ್ಸ್ ಅನ್ನುತ್ತದೆ. ಅದು ನಿಂತ ಮೇಲೆ ಗುಂಡನ್ನು ಬರಿಗೈಯಲ್ಲಿ ಹಿಡಿಯಲು ಹೋಗಬೇಡಿ. ಒಳಗೆ ದ್ರವವಾಗಿದ್ದ ನೈಟ್ರಸ್ ಆಕ್ಸೈಡ್ ಒಮ್ಮೆಗೇ ಆವಿಯಾಗುವುದರಿಂದ ಆ ಪುಟ್ಟ ಗುಂಡು ಚಳಿಗೆ ಬೆಳ್ಳಗೆ ಹಿಮ ಕಟ್ಟುತ್ತದೆ. ಮಳೆಗಾಲದಲ್ಲಂತೂ ನೋಡುನೋಡುತ್ತಿದ್ದಂತೆ ಹಿಮದ ಪದರ ದಪ್ಪವಾಗಿ, ಎರಡು ನಿಮಿಷದಲ್ಲಿ ಕರಗಿ, ಹೋಲ್ಡರ್‌ನ ಅಂಚಿನಿಂದ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ನನ್ನ ತಂಗಿಯ ಮಗ ಇದನ್ನು ನೋಡುವುದಕ್ಕೇ ಅಡುಗೆಮನೆಗೆ ಬರುತ್ತಾನೆ.

ಆಮೇಲೆ ಕುಲುಕಬೇಕು. ಗ್ಯಾಸು ಕರಗುವುದು ದ್ರವದ ಮೇಲ್ಮೈಯಿಂದ. ಬಾಟಲಿ ಸುಮ್ಮನೆ ನಿಂತಿದ್ದರೆ ಅಂಗೈ ಅಗಲದ ಮೇಲ್ಮೈ ಮಾತ್ರ. ಕುಲುಕಿದಾಗ ಇಡೀ ಕ್ರೀಮು ಹನಿಹನಿಯಾಗಿ ಗ್ಯಾಸಿಗೆ ತಾಗುತ್ತದೆ. ಬಾಟಲಿಯನ್ನು ತಲೆಕೆಳಗು ಮಾಡಿ ಬಲವಾಗಿ ಐದಾರು ಸಲ ಕುಲುಕಿದರೆ ಗಟ್ಟಿ ಕ್ರೀಮಿಗೆ ಸಾಕು. ಕಡಿಮೆ ಕೊಬ್ಬಿನದಾದರೆ ಹತ್ತು ಸಲ. ಕಿವಿ ಕೊಟ್ಟು ಕೇಳಿ. ಮೊದಲು ಗಳಗಳ ಅನ್ನುತ್ತದೆ, ಆಮೇಲೆ ಸದ್ದು ದಪ್ಪವಾಗಿ ಮಂದವಾಗುತ್ತದೆ. ಆಗ ನಿಲ್ಲಿಸಿ. ಇನ್ನೂ ಕುಲುಕುತ್ತಾ ಹೋದರೆ ಬಾಟಲಿಯೊಳಗೇ ಬೆಣ್ಣೆ. ಅದನ್ನು ತೆಗೆಯುವ ಕಷ್ಟ ಬೇಡ.

ಹದಿನೈದು ನಿಮಿಷ ಫ್ರಿಜ್‌ನಲ್ಲಿ ಮಲಗಿಸಿ. ನಂತರ ನಳಿಕೆ ಪೂರ್ತಿ ಕೆಳಮುಖ ಮಾಡಿ ನಿಧಾನಕ್ಕೆ ಒತ್ತಿ. ಓರೆಯಾಗಿ ಹಿಡಿದರೆ ಕ್ರೀಮಿನ ಬದಲು ಮೇಲಿನ ಗ್ಯಾಸು ಮೊದಲು ಹೋಗಿಬಿಡುತ್ತದೆ, ಕೊನೆಗೆ ಒಳಗೆ ಅರ್ಧ ಕ್ರೀಮು ಉಳಿದು ಒತ್ತಡ ಇರುವುದಿಲ್ಲ. ಕೈಯಿಂದ ಕಡೆದ ಕ್ರೀಮು ಎರಡು ಪಟ್ಟು ಉಬ್ಬಿದರೆ ಇದು ನಾಲ್ಕು ಪಟ್ಟಿನ ಹತ್ತಿರ ಉಬ್ಬುತ್ತದೆ. ಆದರೆ ಅಷ್ಟೇ ಬೇಗ ಕೂತುಹೋಗುತ್ತದೆ. ಹಾಗಾಗಿ ಕಾಫಿ ಟೇಬಲ್ಲಿಗೆ ಹೋಗುವ ಮುಂಚೆ ಮಾತ್ರ ಹಾಕಿ. ಬಿಸಿ ಕಾಫಿ ಮೇಲೆ ಹಾಕಿದರೆ ಅದು ಇಳಿದುಹೋಗುವುದನ್ನು ತಡೆಯಲು ಯಾವ ಕೆಮಿಸ್ಟ್ರಿಯೂ ಇಲ್ಲ. ಉಳಿದ ಕ್ರೀಮು ಬಾಟಲಿಯಲ್ಲೇ ಫ್ರಿಜ್‌ನಲ್ಲಿ ಎರಡು ಮೂರು ದಿನ ಚೆನ್ನಾಗಿರುತ್ತದೆ, ಒಳಗೆ ಗಾಳಿ ಹೆಚ್ಚಿಲ್ಲವಲ್ಲ.

ಕರಗುವುದು, ಹುಳಿಯಾಗದಿರುವುದು ಇದೆಲ್ಲ ನಂಬಿಕೆ ಬರುತ್ತಿಲ್ಲವಾ? ಒಂದು ಸಣ್ಣ ಪ್ರಯೋಗ ಮಾಡಿ. ಮಕ್ಕಳಿದ್ದರೆ ಖಂಡಿತ ಮಾಡಿ. ಕೆಂಪು ಎಲೆಕೋಸು ಕುಶಾಲನಗರದ ತರಕಾರಿ ಅಂಗಡಿಯಲ್ಲಿ ಸಿಕ್ಕೀತು. ನಾಲ್ಕು ಎಲೆ ಹೆಚ್ಚಿ ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಫ್ರಿಜ್‌ನಲ್ಲಿ ತಣ್ಣಗೆ ಮಾಡಿ. ನೇರಳೆ ಬಣ್ಣದ ನೀರು ಸಿಗುತ್ತದೆ. ಹುಳಿ ತಾಗಿದರೆ ಅದು ಕೆಂಪಿನ ಕಡೆ ತಿರುಗುತ್ತದೆ. ಇದರಲ್ಲಿ ಸ್ವಲ್ಪ ತಣ್ಣೀರು ಬೆರೆಸಿ ವಿಪ್ಪರ್‌ಗೆ ಹಾಕಿ, ಒಂದು ಗುಂಡು ಬಿಡಿ, ಚೆನ್ನಾಗಿ ಕುಲುಕಿ, ಐದು ನಿಮಿಷ ಬಿಡಿ. ಬಾಟಲಿ ನೆಟ್ಟಗೆ ನಿಲ್ಲಿಸಿ ಹಿಡಿಕೆ ಒತ್ತಿ ಗ್ಯಾಸೆಲ್ಲ ಹೊರಗೆ ಬಿಟ್ಟ ಮೇಲೆ ತಲೆ ಬಿಚ್ಚಿ ಗಾಜಿನ ಲೋಟಕ್ಕೆ ಸುರಿಯಿರಿ. ಮೊದಲು ಇಡೀ ಲೋಟ ಹಾಲು ಬೆರೆಸಿದ ಹಾಗೆ ಮಬ್ಬಾಗುತ್ತದೆ, ತುಂಬ ಸಣ್ಣ ಗುಳ್ಳೆಗಳು. ಆಮೇಲೆ ತಳದಿಂದ ಮೇಲಕ್ಕೆ ನಿಧಾನವಾಗಿ ತಿಳಿಯಾಗುತ್ತದೆ. ತಿಳಿಯಾದ ಮೇಲೆ ನೋಡಿ, ಬಣ್ಣ ಹಾಗೇ ನೇರಳೆ. ಇನ್ನೊಂದು ಲೋಟದಲ್ಲಿ ಅಷ್ಟೇ ಕೋಸಿನ ನೀರಿಗೆ ತಣ್ಣೀರಿನ ಬದಲು ಸಾದಾ ಸೋಡಾ ಬೆರೆಸಿ ಪಕ್ಕದಲ್ಲಿಡಿ. ಅದು ಕೆಂಪಿನ ಕಡೆ ವಾಲುತ್ತದೆ. ತಿಳಿಯಾದದ್ದನ್ನು ಒಂದು ಗುಟುಕು ಕುಡಿದರೂ ಆಯಿತು, ಸೋಡಾದ ಚುರುಕು ಇರುವುದಿಲ್ಲ, ಕೋಸಿನ ವಾಸನೆಯ ಹಿಂದೆ ತುಸು ಸಿಹಿ.

ಕ್ರೀಮಿಲ್ಲದೆ ಬರೀ ಕಾಫಿಗೇ ನೊರೆ ಬೇಕು ಅನ್ನುವವರಿಗೆ ಈಗ. ಪಟ್ಟಣದ ಕೆಫೆಗಳಲ್ಲಿ ನೈಟ್ರೋ ಕಾಫಿ ಅಂತ ಕೊಡುತ್ತಾರೆ. ಅದಕ್ಕೆ ಸಾದಾ ನೈಟ್ರೋಜನ್ ಬಳಸುತ್ತಾರೆ, ಸಿಲಿಂಡರು, ದೊಡ್ಡ ಒತ್ತಡ, ವಿಶೇಷ ನಲ್ಲಿ. ನೈಟ್ರೋಜನ್ ಕರಗುವುದು ಎಷ್ಟು ಕಡಿಮೆ ಅಂತ ಆಗಲೇ ನೋಡಿದೆವಲ್ಲ, ಅದಕ್ಕೇ ಅಷ್ಟೆಲ್ಲ ಸರಂಜಾಮು. ಮನೆಯಲ್ಲಿ ನೈಟ್ರಸ್ ಆಕ್ಸೈಡ್ ಹಾಕಿದರೆ ಹತ್ತಿರದ ಫಲ ಸಿಗುತ್ತದೆ, ಸ್ವಲ್ಪ ಸಿಹಿ ಜಾಸ್ತಿ.

ದಪ್ಪಗೆ ಪುಡಿ ಮಾಡಿದ ಕಾಫಿ 70 ಗ್ರಾಂ, ತಣ್ಣೀರು 700 ಮಿಲಿ. ರಾತ್ರಿಯಿಡೀ ಮುಚ್ಚಿಡಿ. ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ಮತ್ತೆ ಫಿಲ್ಟರ್ ಕಾಗದದಲ್ಲಿ ಸೋಸಿ. ಎರಡನೇ ಸೋಸುವಿಕೆ ಬಿಡಬೇಡಿ, ಪುಡಿ ಉಳಿದರೆ ನಳಿಕೆ ಕಟ್ಟುತ್ತದೆ. ನನ್ನ ಮತ ಕೇಳಿದರೆ ದಕ್ಷಿಣ ಕೊಡಗಿನ ರೋಬಸ್ಟಾ ಅರ್ಧ, ಅರೇಬಿಕಾ ಅರ್ಧ. ರೋಬಸ್ಟಾಗೆ ನೊರೆ ಗಟ್ಟಿ, ಅರೇಬಿಕಾಗೆ ಘಮ. ಚಿಕೋರಿ ಬೇಡ. ಚೆನ್ನಾಗಿ ತಣಿಸಿದ 400 ಮಿಲಿ ಅರ್ಧ ಲೀಟರ್ ವಿಪ್ಪರ್‌ಗೆ ಹಾಕಿ. ಎರಡು ಗುಂಡು ಒಂದರ ಹಿಂದೆ ಒಂದು, ಮಧ್ಯೆ ಕುಲುಕಿ. ವಿಪ್ಪರ್‌ನ ಸೂಚನೆಯಲ್ಲಿ ಎರಡು ಗುಂಡಿಗೆ ಅನುಮತಿ ಇದ್ದರೆ ಮಾತ್ರ. ಇಲ್ಲಿ ಬೆಣ್ಣೆಯಾಗುವ ಭಯ ಇಲ್ಲ, ಅರ್ಧ ನಿಮಿಷ ಜೋರಾಗಿ ಕುಲುಕಿ. ನಂತರ ಒಂದೆರಡು ಗಂಟೆ ಫ್ರಿಜ್. ತಲೆಕೆಳಗು ಮಾಡಿ ಲೋಟದ ಗೋಡೆಗೆ ಬೀಳುವ ಹಾಗೆ ಬಿಡಿ. ಕಂದು ನೊರೆ ಲೋಟದ ಬದಿಯಲ್ಲಿ ಕೆಳಗಿಳಿಯುತ್ತಾ, ಮಧ್ಯದಲ್ಲಿ ಮೇಲೇಳುತ್ತಾ ಇರುವುದು ಕಾಣುತ್ತದೆ. ಕೊಬ್ಬಿಲ್ಲದ್ದರಿಂದ ಬೇಗ ಹೋಗುತ್ತದೆ, ಕೂತು ಹರಟೆ ಹೊಡೆಯದೆ ಕುಡಿಯಬೇಕು.

ಇದೇ ಬಾಟಲಿಯಲ್ಲಿ ಇನ್ನೊಂದು ಕೆಲಸವಾಗುತ್ತದೆ, ನನಗೆ ನೊರೆಗಿಂತ ಇದೇ ಇಷ್ಟ. ತೋಟದ ಏಲಕ್ಕಿ ಹತ್ತು ಹನ್ನೆರಡು ಕಾಯಿ ಜಜ್ಜಿ 300 ಮಿಲಿ ತಣ್ಣನೆಯ ಕಾಫಿಯ ಜೊತೆ ವಿಪ್ಪರ್‌ಗೆ ಹಾಕಿ. ಗುಂಡು ಬಿಡಿ, ಕುಲುಕಿ, ಮೂರು ನಿಮಿಷ ಕಾಯಿರಿ. ಕರಗಿದ ಗ್ಯಾಸಿನ ಜೊತೆಗೆ ಕಾಫಿ ಏಲಕ್ಕಿಯ ಸಂದುಗೊಂದಿಗೆಲ್ಲ ನುಗ್ಗಿರುತ್ತದೆ. ಈಗ ಬಾಟಲಿ ನೆಟ್ಟಗೆ ಹಿಡಿದು, ನಳಿಕೆ ಮೇಲೆ ಬಟ್ಟೆ ಮುಚ್ಚಿ, ಗ್ಯಾಸನ್ನು ಒಮ್ಮೆಗೇ ಬಿಡಿ. ಒತ್ತಡ ಇಳಿದ ಕೂಡಲೇ ಒಳಗೆ ಸೇರಿದ ಗ್ಯಾಸು ಗುಳ್ಳೆಯಾಗಿ ಹೊರಬೀಳುತ್ತದೆ, ಬರುವಾಗ ಘಮವನ್ನೂ ಎಳೆದು ತರುತ್ತದೆ. ತಲೆ ಬಿಚ್ಚಿ, ಗುಳ್ಳೆಯ ಸದ್ದು ನಿಲ್ಲುವವರೆಗೆ ಬಿಟ್ಟು, ಸೋಸಿ. ಕುದಿಸಿದ ಏಲಕ್ಕಿಯ ಒಗರಿಲ್ಲದ ಹಸಿ ಘಮ ಅದು. ಕೊಡಗಿನ ಕಿತ್ತಳೆ ಸಿಪ್ಪೆಯಲ್ಲೂ ಮಾಡಿ ನೋಡಿ, ಒಳಗಿನ ಬಿಳಿ ಭಾಗ ಕೆರೆದು ತೆಗೆದು.

ತಂಗಿ ಕೇಳುವ ಇನ್ನುಳಿದ ಪ್ರಶ್ನೆಗಳಿಗೆ ಚುಟುಕಾಗಿ ಉತ್ತರ. ಗುಂಡು ಹಾಕಿದ ಮೇಲೂ ಏನೂ ಬರುತ್ತಿಲ್ಲ ಅಂದರೆ ನಳಿಕೆ ಕಟ್ಟಿದೆ, ಅಥವಾ ಕ್ರೀಮು ಒಳಗೆ ಗಟ್ಟಿಯಾಗಿದೆ. ಎರಡರಲ್ಲೂ ಮೊದಲು ನೆಟ್ಟಗೆ ನಿಲ್ಲಿಸಿ ಒತ್ತಡ ಪೂರ್ತಿ ಬಿಡಿ. ಒತ್ತಡ ಇರುವಾಗ ತಲೆ ತಿರುಗಿಸಲೇಬಾರದು. ಬಿಗಿಯಾಗಿದ್ದರೆ ಬಲಪ್ರಯೋಗ ಬೇಡ, ನಳಿಕೆ ಬಿಸಿನೀರಿನ ಬಟ್ಟೆಯಿಂದ ಒರೆಸಿ ಮತ್ತೆ ಒತ್ತಿ ನೋಡಿ. ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಅಲ್ಯೂಮಿನಿಯಂ ತಲೆಯ, ಹೆಸರಿಲ್ಲದ ವಿಪ್ಪರ್ ತರಬೇಡಿ. ಒಳಗೆ ವಾತಾವರಣದ ಎಷ್ಟೋ ಪಟ್ಟು ಒತ್ತಡ ಇರುತ್ತದೆ ಅಂತ ಲೆಕ್ಕ ನೋಡಿದಿರಲ್ಲ. ತುಂಬಿದ ಗುಂಡನ್ನು ಒಲೆ ಪಕ್ಕ, ಬಿಸಿಲಲ್ಲಿ ನಿಂತ ಜೀಪಿನಲ್ಲಿ ಇಡಬಾರದು.

ಇದನ್ನು ಬಾಯಿಗೆ ಹಿಡಿದು ಉಸಿರೆಳೆಯುವ ಹುಡುಗರ ಬಗ್ಗೆಯೂ ಹೇಳಲೇಬೇಕು. ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1799ರ ಸುಮಾರಿಗೆ ತಾವೇ ಇದನ್ನು ಸೇದಿ ಅನುಭವ ಬರೆದಿಟ್ಟರು, 1844ರಲ್ಲಿ ಅಮೆರಿಕದ ಹಲ್ಲಿನ ಡಾಕ್ಟರ್ ಹೊರೇಸ್ ವೆಲ್ಸ್ ಹಲ್ಲು ಕೀಳುವಾಗ ನೋವು ಮರೆಸಲು ಬಳಸಿದರು. ಆಸ್ಪತ್ರೆಯಲ್ಲಿ ಇವತ್ತಿಗೂ ಕೊಡುವುದು ಆಕ್ಸಿಜನ್ ಬೆರೆಸಿ, ಡಾಕ್ಟರ ಕಣ್ಣೆದುರು. ಗುಂಡಿನಿಂದ ನೇರ ಎಳೆದರೆ ಮಂಜುಗಟ್ಟಿಸುವ ಚಳಿಗೆ ಗಂಟಲು ಸುಡುತ್ತದೆ, ಆಕ್ಸಿಜನ್ ಸಿಗದೆ ಪ್ರಜ್ಞೆ ತಪ್ಪುತ್ತದೆ. ಮತ್ತೆ ಮತ್ತೆ ಸೇದಿದರೆ ಮೈಯಲ್ಲಿನ ಬಿ12 ವಿಟಮಿನ್ ಕೆಲಸ ನಿಲ್ಲಿಸಿ ನರ ಹಾಳಾಗುತ್ತದೆ, ನಡಿಗೆಯೇ ತಪ್ಪಬಹುದು. ಹೋಂಸ್ಟೇಯಲ್ಲಿ ಗುಂಡಿನ ಡಬ್ಬ ಬೀಗದೊಳಗೆ ಇರಲಿ. ಗ್ಯಾಸು ಬಿಡುವಾಗ ಕಿಟಕಿ ತೆಗೆದಿರಲಿ.

ಇನ್ನು ಹೊರಗೆ ಹೋದ ಗ್ಯಾಸಿನ ಲೆಕ್ಕ. ನೈಟ್ರಸ್ ಆಕ್ಸೈಡ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು. 8 ಗ್ರಾಂ ಗುಂಡು ಅಂದರೆ 2 ಕಿಲೋಗೂ ಮೇಲೆ. ಪ್ರತಿ ಲೋಟಕ್ಕೆ ಗುಂಡು ಸುಡುವುದು ನನಗೆ ಸರಿ ಕಾಣುವುದಿಲ್ಲ, ಒಂದು ಗುಂಡಿಗೆ ಬಾಟಲಿಯನ್ನು ಗೆರೆಯವರೆಗೆ ತುಂಬಿ. ಆದರೆ ಇದರಲ್ಲಿ ತಂಗಿಯನ್ನು ಮಾತ್ರ ದೂರಿದರೆ ತಪ್ಪಾಗುತ್ತದೆ. ತೋಟಕ್ಕೆ ಯೂರಿಯಾ ಹಾಕಿ, ಮೇಲೆ ಮಳೆ ಸುರಿದು, ಮಣ್ಣಿನಲ್ಲಿ ಗಾಳಿಯಾಡದೆ ಹೋದಾಗ ಅಲ್ಲಿನ ಸೂಕ್ಷ್ಮಜೀವಿಗಳು ಇದೇ ಗ್ಯಾಸನ್ನು ಮಾಡುತ್ತವೆ. ಅದರಲ್ಲಿ ಸ್ವಲ್ಪ ಮಣ್ಣಿನ ನೀರಿನಲ್ಲಿ ಕರಗಿಕೊಂಡು ಹರಿಯುತ್ತದೆ, ತೋಡಿಗೆ ಬಂದು ಬಯಲಾದ ಮೇಲೆ ಹೊರಬೀಳುತ್ತದೆ. ಹಾಕಿದ ಸಾರಜನಕದಲ್ಲಿ ಶೇಕಡಾ 1ರಷ್ಟು ಮಣ್ಣಿನಿಂದ ಈ ಗ್ಯಾಸಾಗಿ ಹೋಗುತ್ತದೆ ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 45 ಕಿಲೋದ ಒಂದು ಯೂರಿಯಾ ಮೂಟೆ ಸುಮಾರು 40 ಗುಂಡಿಗೆ ಸಮ. ಭಾವನಿಗೆ ಇದನ್ನು ಹೇಳಿದ್ದಕ್ಕೆ, "ಮಳೆಗೆ ಮುಂಚೆ ಒಮ್ಮೆಗೇ ಸುರಿಯೋ ಬದಲು ಎರಡು ಮೂರು ಕಂತು ಮಾಡೋಣ ಬಿಡಿ" ಅಂದರು. ಅದು ಒಳ್ಳೆಯದೇ, ಗೊಬ್ಬರವೂ ಉಳಿಯುತ್ತದೆ.

ಖಾಲಿ ಗುಂಡು ಬರೀ ಉಕ್ಕು. ಕಸದ ಜೊತೆ ಬೆಂಕಿಗೆ ಹಾಕಬೇಡಿ, ಅದರಲ್ಲಿ ಒಂದು ತುಂಬಿದ್ದು ಸೇರಿದ್ದರೆ ಸಿಡಿಯುತ್ತದೆ. ಬಾಯಲ್ಲಿ ತೂತಿದೆಯಾ ಅಂತ ಒಂದೊಂದನ್ನೂ ನೋಡಿ ಚೀಲಕ್ಕೆ ಹಾಕಿಡಿ. ಚೀಲ ತುಂಬಿದಾಗ ಗುಜರಿಯವರು ತೂಕಕ್ಕೆ ತಗೊಳ್ಳುತ್ತಾರೆ.